ಬಾವಲಿಯ ವಂಶಾವಳಿ

ಫಳ್ನೀರಿನ ನಮ್ಮ ಹಿತ್ತಲಲ್ಲಿ ಒಂದು ಪೇರಳೆ ಮರ ಉಂಟು. ಮರ ನಮ್ಮದು, ಹಣ್ಣು ಮಾತ್ರ ಬಾವಲಿಗಳದು. ಕತ್ತಲು ಕವಿಯುವುದೇ ತಡ, ಹಂಚಿನ ಮಾಡಿನ ಮೇಲಿಂದ ನಾಲ್ಕಾರು ನೆರಳುಗಳು ಸದ್ದಿಲ್ಲದೆ ಇಳಿದು ಬರುತ್ತವೆ. ಹಣ್ಣು ಕಚ್ಚಿಕೊಂಡು ಬೇರೆ ಮರಕ್ಕೆ ಹಾರುತ್ತವೆ. ಬೆಳಗ್ಗೆ ನೋಡಿದರೆ ನೆರೆಮನೆಯ ಸುಣ್ಣ ಬಳಿದ ಗೋಡೆಯ ಮೇಲೆ ಆ ಔತಣದ ಗುರುತು. ನಮಗೂ ನೆರೆಮನೆಯ ಪೊರ್ಬುಗಳಿಗೂ ಇದು ಬಹುಕಾಲದ ವ್ಯಾಜ್ಯ, ಸ್ನೇಹದ ವ್ಯಾಜ್ಯವೆನ್ನಿ.

2018ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಕಡೆ ನಿಪಾ ಜ್ವರ ಕಾಣಿಸಿಕೊಂಡು 17 ಜನ ತೀರಿಕೊಂಡಾಗ ಈ ವ್ಯಾಜ್ಯದ ಬಣ್ಣವೇ ಬದಲಾಯಿತು. ಪೊರ್ಬುಗಳು ಗೇಟಿನ ಬಳಿ ನಿಂತು, "ಮಾಸ್ಟ್ರೇ, ಆ ಮರ ಕಡಿಸುವುದೇ ಒಳ್ಳೆಯದು. ಮನೆಯಲ್ಲಿ ಮೊಮ್ಮಕ್ಕಳು ಇದ್ದಾರಲ್ಲ" ಎಂದರು. ಅವರ ಅಂಜಿಕೆಯಲ್ಲಿ ತಪ್ಪೇನೂ ಇರಲಿಲ್ಲ. "ಯಾವ ಬಾವಲಿ ಎಂದು ಮೊದಲು ನೋಡುವ" ಎಂದೆ ನಾನು. "ಬಾವಲಿಯಲ್ಲಿ ಯಾವುದು ಎಂದರೆ ಎಂತದು ಮಾರಾಯ್ರೇ, ಬಾವಲಿ ಬಾವಲಿಯೇ!" ಎಂದು ಅವರು ನಕ್ಕುಬಿಟ್ಟರು.

ನಾನು ಶಾಲೆಯಲ್ಲಿ ಚರಿತ್ರೆ ಕಲಿಸಿದವನು. ರಾಜರ ವಂಶಾವಳಿಯಷ್ಟೇ ನನ್ನ ಬಂಡವಾಳ. ಆದರೂ ಆ ಮಳೆಗಾಲವಿಡೀ ಬಾವಲಿಗಳ ವಂಶಾವಳಿಯನ್ನು ಓದುತ್ತ ಕಳೆದೆ. ನಿಪಾ ವಿಷಯದಲ್ಲಿ ಸಂಶೋಧಕರು ಮುಖ್ಯವಾಗಿ ಬೆರಳು ತೋರಿಸಿದ್ದು ಆಲ, ಅಶ್ವತ್ಥಗಳಲ್ಲಿ ಹಗಲೆಲ್ಲ ಜೋತುಬೀಳುವ ದೊಡ್ಡ ಬಾವಲಿಯತ್ತ. ಅದು ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು ಅಗಲ. ನಮ್ಮ ಪೇರಳೆಗೆ ಬರುವುದು ಅಂಗೈಯಲ್ಲಿ ಹಿಡಿಸುವ ಇನ್ನೊಂದು. ಕಿವಿಯ ಅಂಚು ಬಿಳಿ, ಮೂತಿ ನಾಯಿಮರಿಯದು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂಬ ಎಚ್ಚರಿಕೆ ಎರಡಕ್ಕೂ ಸಲ್ಲುವುದೇ, ಸಂಶಯವಿಲ್ಲ. ಆದರೆ ಬಾವಲಿ ಬಾವಲಿಯೇ ಎಂಬ ಪೊರ್ಬುಗಳ ಮಾತು ಮಾತ್ರ ನಿಲ್ಲಲಿಲ್ಲ.

ಈ ಸಣ್ಣ ಬಾವಲಿಗೆ ಶಾಸ್ತ್ರದ ಹೆಸರು ಬಿದ್ದದ್ದು 1797ರಲ್ಲಿ. ಹೆಸರಿಟ್ಟವನು ಕೋಪನ್‌ಹೇಗನ್ನಿನ ಮಾರ್ಟಿನ್ ವಾಲ್. ಲಿನೇಯಸ್ ಮಹಾಶಯನ ಶಿಷ್ಯ, ಮುಖ್ಯವಾಗಿ ಸಸ್ಯಶಾಸ್ತ್ರಜ್ಞ. ಅವನ ಬಾವಲಿ ಸಿಕ್ಕಿದ್ದು ತಮಿಳುನಾಡಿನ ತರಂಗಂಬಾಡಿಯಲ್ಲಿ. 1620ರಿಂದ 1845ರವರೆಗೆ ಅದು ಡೇನರ ವಸಾಹತಾಗಿತ್ತು. ಗುರು ಲಿನೇಯಸನಾದರೋ 1758ರಲ್ಲಿ ಬಾವಲಿಗಳನ್ನು ಮನುಷ್ಯ, ಮಂಗಗಳ ಪಂಕ್ತಿಯಲ್ಲೇ ಕುಳ್ಳಿರಿಸಿದ್ದ! ಶಿಷ್ಯ ತನ್ನ ಬಾವಲಿಯನ್ನು 'ಸ್ಫಿಂಕ್ಸ್' ಎಂದು ಕರೆದ. ಮುಂದೆ ಫ್ರಾನ್ಸಿನಲ್ಲಿ 'ಸೈನಾಪ್ಟೆರಸ್', ಅಂದರೆ ನಾಯಿರೆಕ್ಕೆ, ಎಂಬ ಮನೆತನದ ಹೆಸರು ಸೇರಿತು. 1838ರಲ್ಲಿ ಬೋರ್ನಿಯೋ ದ್ವೀಪದಿಂದ ಇದರ ದಾಯಾದಿಯೊಂದು ವರದಿಯಾಯಿತು. ಅದರ ಹೆಸರು 'ಬ್ರ್ಯಾಕಿಯೋಟಿಸ್', ಗಿಡ್ಡಕಿವಿಯದು. ಗಾತ್ರದಲ್ಲಿ ತುಸು ಕಿರಿದು. ನಮ್ಮ ದಕ್ಷಿಣದ ಬೆಟ್ಟಗಳಲ್ಲಿಯೂ ಇದೆ.

ಹೀಗೆ ಕಿವಿ ಅಳೆದು, ಮುಂಗೈ ಅಳೆದು, ಬುರುಡೆ ಅಳೆದು ಜಾತಿ ನಿರ್ಣಯಿಸುವ ಪದ್ಧತಿ ಬಹುಕಾಲ ನಡೆಯಿತು. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಸಸ್ತನಿಗಳ ಸಮೀಕ್ಷೆ ಆರಂಭಿಸಿದಾಗ ಆಧಾರವಾಗಿದ್ದುದೂ ತೊಗಲು ಮತ್ತು ಬುರುಡೆಗಳೇ. ಆ ಪದ್ಧತಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಒಂದು ಕಥೆ ಉಂಟು. 1948ರಲ್ಲಿ ಹಟ್ಟನ್ ಎಂಬವರು ಮಧುರೆಗೆ ಪಶ್ಚಿಮದ ಹೈ ವೇವಿ ಬೆಟ್ಟಗಳಲ್ಲಿ ಒಂದು ಬಾವಲಿಯನ್ನು ಹಿಡಿದರು. ಅದು ಬೊಂಬಾಯಿಯ ಸಂಗ್ರಹದಲ್ಲಿ ನಮ್ಮ ಪೇರಳೆ ಮರದ 'ಸ್ಫಿಂಕ್ಸ್' ಎಂಬ ಚೀಟಿ ಅಂಟಿಸಿಕೊಂಡು ಇಪ್ಪತ್ತನಾಲ್ಕು ವರ್ಷ ಮಲಗಿತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥಾಂಗ್‌ಲಾಂಗ್ಯ ಅವರು ಅದನ್ನು ಪರೀಕ್ಷಿಸಿ, ಇದು ಸ್ಫಿಂಕ್ಸ್ ಅಲ್ಲ, ಬೇರೆ ಮನೆತನವೇ ಸರಿ ಎಂದು ತೋರಿಸಿ ಪಕ್ಷಿತಜ್ಞ ಸಾಲಿಂ ಅಲಿಯವರ ಹೆಸರಿಟ್ಟರು.

ಅದೇ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಂತು. ಕಾಗೆ, ಇಲಿ, ಹೆಗ್ಗಣಗಳೊಡನೆ 'ಹಣ್ಣು ತಿನ್ನುವ ಬಾವಲಿ'ಗಳನ್ನೂ ಉಪದ್ರವಿಗಳ ಅನುಸೂಚಿಗೆ ಸೇರಿಸಿದ ಕಾಯಿದೆ ಅದು. ಸಾಲಿಂ ಅಲಿ ಬಾವಲಿಯನ್ನು ಮುಂದೆ ಒಂದನೆಯ ಅನುಸೂಚಿಗೆ ಏರಿಸಿ ಕಾಪಾಡಲಾಯಿತು. ಚೀಟಿ ಬದಲಾಗದೇ ಹೋಗಿದ್ದರೆ ಅದು ಇಲಿಗಳ ಸಾಲಿನಲ್ಲೇ ಉಳಿಯುತ್ತಿತ್ತು. ಉಪದ್ರವಿಗಳ ಆ ಅನುಸೂಚಿಯನ್ನು ತೆಗೆದುಹಾಕಿದ್ದು 2022ರ ತಿದ್ದುಪಡಿ. ಹೆಸರಿನಲ್ಲೇನಿದೆ ಎಂದು ಕೇಳುವವರು ಇದನ್ನು ನೋಡಬೇಕು.

ಹಾಗಾದರೆ ಜಾತಿ ಎಂದರೇನು? 1942ರಲ್ಲಿ ಎರ್ನ್‌ಸ್ಟ್ ಮೈರ್ ಎಂಬ ವಿದ್ವಾಂಸ ಕೊಟ್ಟ ಉತ್ತರ ಹೆಣ್ಣುಗಂಡಿನ ಸಂಬಂಧವನ್ನು ಹಿಡಿದದ್ದು: ತಮ್ಮೊಳಗೆ ಕೂಡಿ ಸಂತಾನ ಮುಂದುವರಿಸುವ, ಹೊರಗಿನವರೊಡನೆ ಕೂಡದ ಗುಂಪೇ ಒಂದು ಜಾತಿ. ಕೇಳಲು ಸುಲಭ. ಆದರೆ ರಾತ್ರಿ ಸಂಚರಿಸುವ ಪ್ರಾಣಿ ಯಾರೊಡನೆ ಸಂಸಾರ ಹೂಡಿತೆಂದು ಕಾಯುವವರಾರು? ಪುಣೆಯಲ್ಲಿ ಕೆಲವರು ಕಾದರು. ಜೇ ಸ್ಟಾರ್ಜ್ ಎಂಬ ಅಮೆರಿಕನ್ ಸಂಶೋಧಕನೂ ಎಚ್. ಆರ್. ಭಟ್ ಮೊದಲಾದವರೂ ಬೈನೆ ಮರಗಳ ಕೆಳಗೆ ಕಾದು ಕಂಡದ್ದು ಸ್ವಾರಸ್ಯವಾಗಿದೆ. ಬೈನೆಯ ಜೋಲುಗೊನೆಯ ಒಳಗಿನ ಎಳೆಗಳನ್ನು ಕಡಿದು ಗಂಟೆಯಾಕಾರದ ಗೂಡು ಮಾಡಿಕೊಳ್ಳುತ್ತವೆ. ಒಂದು ಗಂಡು, ಅದರೊಡನೆ ಹಲವು ಹೆಣ್ಣು. ಮರಿಗಳು ಮಾತ್ರ, ಹೆಣ್ಣಾಗಲಿ ಗಂಡಾಗಲಿ, ಹುಟ್ಟಿದ ಗುಂಪಿನಲ್ಲೇ ಉಳಿದು ಸಂಸಾರ ಹೂಡುವುದಿಲ್ಲ. ಬೇರೆ ಗುಂಪಿಗೆ ಹಾರಿಹೋಗುತ್ತವೆ. ನಮ್ಮ ತುಳುನಾಡಿನ ಬಳಿಯ ಕಟ್ಟಳೆ ಇವಕ್ಕೆ ಯಾರು ಕಲಿಸಿದರೋ! ವಂಶವಾಹಿಗಳು ಊರಿಂದೂರಿಗೆ ಹರಿಯುವುದು ಹೀಗೆ.

ಅದೇ ಸಂಶೋಧಕರು 2001ರಲ್ಲಿ ಇನ್ನೊಂದನ್ನು ತೋರಿಸಿದರು. ಭಾರತದಲ್ಲಿ ಉತ್ತರಕ್ಕೆ ಹೋದಂತೆ ಸ್ಫಿಂಕ್ಸ್ ಬಾವಲಿ ದೊಡ್ಡದಾಗುತ್ತದೆ, ದಕ್ಷಿಣಕ್ಕೆ ಬಂದಂತೆ ಸಣ್ಣದಾಗುತ್ತದೆ. ಅಂದರೆ ದಕ್ಷಿಣದ ಸ್ಫಿಂಕ್ಸ್ ಗಾತ್ರದಲ್ಲಿ ಗಿಡ್ಡಕಿವಿಯ ದಾಯಾದಿಯ ಹತ್ತಿರ ಬರುತ್ತದೆ. ಎರಡೂ ಒಟ್ಟಿಗೆ ವಾಸಿಸುವ ಎತ್ತರದ ಬೆಟ್ಟಗಳಲ್ಲಂತೂ ಅಳತೆಗೋಲು ಸೋತೇ ಹೋಗುತ್ತದೆ. ನಡುವಿನ ಗಾತ್ರದ್ದೊಂದು ಕೈಗೆ ಸಿಕ್ಕಿದರೆ ಅದು ಸಂಕರವೋ, ಅಲ್ಲವೋ? ಕಣ್ಣಿಗೆ ಕಂಡದ್ದನ್ನು ನಂಬುವವನು ಸಂಕರವೆಂದೇ ಬರೆದಿಡುತ್ತಿದ್ದ.

ಈ ಗಂಟನ್ನು ಬಿಚ್ಚಿದ್ದು 2016ರಲ್ಲಿ. ಬಾಲಾಜಿ ಚಟ್ಟೋಪಾಧ್ಯಾಯ, ಕೃತಿಕಾ ಗಾರ್ಗ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಮಧುರೆಯ ಕಂದುಲ ಶ್ರೀಪತಿ ಮೊದಲಾದವರು 405 ಬಾವಲಿಗಳ ಮಾದರಿಗಳನ್ನು ಒಟ್ಟುಗೂಡಿಸಿದರು. ದಾಯಾದಿಗಳೆರಡೂ ಕೂಡಿ ಬಾಳುವ ಎರಡು ನೆಲೆಗಳು, ಬೇರೆ ಬೇರೆಯಾಗಿರುವ ಹದಿನೇಳು ಸ್ಥಳಗಳು. ತಾಯಿಯಿಂದಷ್ಟೇ ಬರುವ ವಂಶವಾಹಿಯನ್ನೂ, ತಾಯಿತಂದೆ ಇಬ್ಬರಿಂದಲೂ ಬರುವುದನ್ನೂ ಓದಿದರು. ಫಲಿತಾಂಶ ಬೇರೆಯೇ ಬಂತು: ರೂಪದಲ್ಲಿ ಒಂದರೊಳಗೊಂದು ಕಲಸಿಹೋಗುವ ಸ್ಫಿಂಕ್ಸ್ ಮತ್ತು ಗಿಡ್ಡಕಿವಿ, ಒಂದೇ ಬೆಟ್ಟದಲ್ಲಿದ್ದರೂ ರಕ್ತದಲ್ಲಿ ಕಲೆಯುವುದಿಲ್ಲ!

ಅಷ್ಟಕ್ಕೇ ಮುಗಿಯಲಿಲ್ಲ. ಈಶಾನ್ಯ ಭಾರತದಲ್ಲಿ, ಎಲ್ಲರೂ ಸ್ಫಿಂಕ್ಸ್ ಎಂದೇ ನಂಬಿದ್ದ ಬಾವಲಿಗಳ ನಡುವೆ, ಅದುವರೆಗೆ ಯಾರೂ ಗುರುತಿಸದ ಬೇರೊಂದು ವಂಶ ಅಡಗಿತ್ತು. ಹಳೆಯ ಕಾಲದಲ್ಲಿ ಆ ಅಜ್ಞಾತ ವಂಶಕ್ಕೂ ಸ್ಫಿಂಕ್ಸ್‌ಗೂ ಕೊಳುಕೊಡೆ ನಡೆದ ಸುಳಿವು ವಂಶವಾಹಿಗಳಲ್ಲಿ ಸಿಕ್ಕಿತು. ಆ ಸುಳಿವು ಹಿಡಿಯುವ ಉಪಾಯ ಪತ್ತೇದಾರಿಯಂತಿದೆ. ಇಬ್ಬರು ಒಡಹುಟ್ಟಿದವರಿಗೆ ದೂರದ ನೆಂಟನೊಬ್ಬನ ಹೋಲಿಕೆ ಸಮಸಮವಾಗಿ ಬರಬೇಕು. ಒಬ್ಬನಲ್ಲಿ ಮಾತ್ರ ಹೆಚ್ಚಿದ್ದರೆ ನಡುವೆ ಬೇರೆ ಸಂಬಂಧ ನಡೆದಿದೆ ಎಂದೇ ಅರ್ಥ. 2010ರಲ್ಲಿ ಇದೇ ಲೆಕ್ಕವನ್ನು ಮನುಷ್ಯರ ಮೇಲೆ ಹಾಕಿ, ಆಫ್ರಿಕದಿಂದ ಹೊರಗೆ ನೆಲಸಿದ ನಮ್ಮೆಲ್ಲರಲ್ಲಿ ಶೇಕಡ 2ರ ಆಸುಪಾಸು ನಿಯಾಂಡರ್ತಾಲ್ ಎಂಬ ನಷ್ಟವಂಶದ ಪಾಲಿದೆ ಎಂದು ಕಂಡುಹಿಡಿದಿದ್ದರು. ಕುಲಶುದ್ಧಿಯ ಜಂಬ ಕೊಚ್ಚುವವರ ಮುಂದೆ ಈ ಲೆಕ್ಕವನ್ನು ಇಡಬೇಕೆಂದು ನನಗೆ ಆಗಾಗ ಅನಿಸುವುದುಂಟು.

ಹುಳ ತಿನ್ನುವ ಲಾಳಮೂಗಿನ ಬಾವಲಿಗಳಲ್ಲೂ ಇಂಥದೇ ಇನ್ನೊಂದು ಪ್ರಸಂಗ. ದಕ್ಷಿಣ ಭಾರತದ ಒಂದೇ ಜಾತಿ ಎಂದುಕೊಂಡದ್ದರಲ್ಲಿ ಕೆಲವು ಸುಮಾರು 80 ಕಿಲೋಹರ್ಟ್ಸ್ ಶ್ರುತಿಯಲ್ಲಿ ಕೂಗುತ್ತವೆ, ಕೆಲವು 90ರ ಆಸುಪಾಸಿನಲ್ಲಿ. ನಮ್ಮ ಕಿವಿಗೆ 20ರ ಮೇಲೆ ಏನೂ ಕೇಳದು. ಯಂತ್ರ ಕೇಳಿಸಿಕೊಂಡಿತು, ವಂಶವಾಹಿ ಸಾಕ್ಷಿ ಹೇಳಿತು, ಒಂದಿದ್ದದ್ದು ಎರಡಾಯಿತು.

ಇದನ್ನೆಲ್ಲ ಒಂದು ಸಂಜೆ ಪೊರ್ಬುಗಳಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಹಾಗಾದರೆ ನಮ್ಮ ಗೋಡೆ ಹಾಳು ಮಾಡುವುದು ಡೇನರು ಹೆಸರಿಟ್ಟ ಬಾವಲಿ ಎಂದಾಯಿತು" ಎಂದರು. ಮೊಮ್ಮಕ್ಕಳಿಗೆ ಬಿದ್ದ ಹಣ್ಣು ಹೆಕ್ಕಬಾರದೆಂದು ಇಬ್ಬರೂ ಕಟ್ಟಪ್ಪಣೆ ಮಾಡಿದೆವು. ಮರವನ್ನು ಕಡಿಸಲಿಲ್ಲ, ಅವರ ಕಡೆಗೆ ಚಾಚಿದ್ದ ಎರಡು ಕೊಂಬೆಗಳನ್ನು ಮಾತ್ರ ಕೊಯ್ಸಿದೆ. ಈಗ ಬೆಳಗಾದರೆ ಗುರುತೆಲ್ಲ ನಮ್ಮ ಗೋಡೆಯ ಮೇಲೆಯೇ.