ಪಿಸ್ತೂಲಿನ ಗುಂಡು, ಕೋವಿಯ ಹಿಡಿತ: ಪುಟ್ಟ ಕಾರ್ಬೈನ್ ಆರಿಸುವ ಲೆಕ್ಕಾಚಾರ

ಪಿಸ್ತೂಲಿಗೆಂದು ಮಾಡಿದ ಕಾಡತೂಸನ್ನೇ ಹಾರಿಸುವ, ಆದರೆ ಬಟ್ಟನ್ನು ಭುಜಕ್ಕೆ ಆನಿಸಿ ಎರಡೂ ಕೈಯಲ್ಲಿ ಹಿಡಿಯುವ ಗಿಡ್ಡ ಬಂದೂಕಿಗೆ ಪಿಸ್ತೂಲ್ ಕ್ಯಾಲಿಬರ್ ಕಾರ್ಬೈನ್ ಎಂದು ಹೆಸರು. ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಇದು ಈಗ ದೊಡ್ಡದೊಂದು ವರ್ಗ. ಅಲ್ಲಿ ನಾಗರಿಕರಿಗೆ ಸಿಗುವುದು ಒಂದು ಸಲ ಕುದುರೆ ಎಳೆದರೆ ಒಂದೇ ಗುಂಡು ಹಾರಿಸುವ ಅರೆಸ್ವಯಂಚಾಲಿತ ಮಾದರಿ. ಪೊಲೀಸರ ಮತ್ತು ಸೇನೆಯ ಸಬ್‌ಮಷಿನ್‌ಗನ್‌ಗಳು ಇದೇ ಕುಲದವಾದರೂ ಸತತವಾಗಿ ಹಾರಿಸಬಲ್ಲವು. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಆಕಾರಕ್ಕೆ. ಆದರೆ ಈ ಆಯುಧದ ಗುಣದೋಷಗಳೆಲ್ಲ ಕಾಡತೂಸು, ಬೋಲ್ಟು, ಮ್ಯಾಗಜೀನು ಈ ಮೂರರಲ್ಲೇ ತೀರ್ಮಾನವಾಗಿರುತ್ತವೆ.

ಒಂದೇ ಕಾಡತೂಸು, ಎರಡು ಆಯುಧ

ಈ ಯೋಚನೆ ಹಳೆಯದು. ವಿಂಚೆಸ್ಟರ್ ಕಂಪನಿ 1873ರಲ್ಲಿ ತಂದ ಲಿವರ್ ರೈಫಲ್ಲು .44-40 ಎಂಬ ಕಾಡತೂಸನ್ನು ಬಳಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ತನ್ನ ರಿವಾಲ್ವರನ್ನೂ ಅದೇ ಅಳತೆಗೆ ಮಾಡಿ ಮಾರಿತು. ಪಶ್ಚಿಮದ ಬಯಲುಗಳಲ್ಲಿ ಕುದುರೆ ಮೇಲೆ ದಿನಗಟ್ಟಲೆ ಅಲೆಯುವವನಿಗೆ ಒಂದೇ ಬಗೆಯ ತೋಟಾ ಹೊತ್ತರೆ ಸಾಕೆನ್ನುವುದು ದೊಡ್ಡ ಅನುಕೂಲವಾಗಿತ್ತು.

ಯುರೋಪಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಗೇಯಾರ್ಗ್ ಲೂಗರ್ ರೂಪಿಸಿದ 9×19 ಮಿ.ಮೀ. ಪ್ಯಾರಬೆಲ್ಲಮ್ ಕಾಡತೂಸು 20ನೇ ಶತಮಾನದ ಆರಂಭದಲ್ಲೇ ಬಂದಿತ್ತು. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಕಂದಕಗಳೊಳಗೆ ನುಗ್ಗುವ ಜರ್ಮನ್ ತುಕಡಿಗಳ ಕೈಗೆ ಅದನ್ನೇ ಹಾರಿಸುವ ಎಂಪಿ 18 ಸಿಕ್ಕಿತು. ಮುಂದಿನ ಸ್ಟೆನ್, ಸ್ಟರ್ಲಿಂಗ್, ಎಂಪಿ5 ಸಬ್‌ಮಷಿನ್‌ಗನ್‌ಗಳೆಲ್ಲವೂ ಈ ಸಾಲಿನವೇ. ಇವತ್ತು ಅಂಗಡಿಯಲ್ಲಿರುವ ಕಾರ್ಬೈನುಗಳಲ್ಲಿ ಬಹುಪಾಲು 9 ಮಿ.ಮೀ.ನವಾಗಿರುವುದಕ್ಕೆ ಈ ಇತಿಹಾಸದ ಜೊತೆಗೆ ಕಾಡತೂಸು ಅಗ್ಗವಾಗಿರುವುದೂ ಕಾರಣ.

ನಳಿಗೆ ಉದ್ದವಾದರೆ ಎಷ್ಟು ಲಾಭ?

ಇಲ್ಲಿ ಆಸೆ ಜಾಸ್ತಿ, ಫಲ ಕಡಿಮೆ. ಪಿಸ್ತೂಲಿನ ಕಾಡತೂಸಿನಲ್ಲಿ ತುಂಬುವ ಮದ್ದು ಬೇಗ ಉರಿದು ಮುಗಿಯುವ ಜಾತಿಯದು, ಪ್ರಮಾಣವೂ ಸ್ವಲ್ಪ. ಗಿಡ್ಡ ನಳಿಗೆಯಲ್ಲೇ ಕೆಲಸ ಮುಗಿಯಲಿ ಎಂದೇ ಹಾಗೆ ಮಾಡಿರುತ್ತಾರೆ. 8 ಗ್ರಾಂ ತೂಕದ 9 ಮಿ.ಮೀ. ಗುಂಡು 4 ಇಂಚಿನ ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟರೆ, 16 ಇಂಚಿನ ಕಾರ್ಬೈನಿನಿಂದ ಹೊರಡುವುದು ಹೆಚ್ಚೆಂದರೆ 390 ಮೀಟರಿನ ಆಸುಪಾಸಿನಲ್ಲಿ. ಆ ಹೆಚ್ಚಳದ ಬಹುಭಾಗವೂ ಮೊದಲ 8-10 ಇಂಚಿನಲ್ಲೇ ಬಂದುಬಿಟ್ಟಿರುತ್ತದೆ. ಅಲ್ಲಿಂದಾಚೆಗಿನ ನಳಿಗೆ ಹೆಚ್ಚಾಗಿ ಸದ್ದನ್ನೂ ಬಾಯಿಯ ಬೆಂಕಿಯನ್ನೂ ತಗ್ಗಿಸಲು ನೆರವಾಗುತ್ತದೆ, ಅಷ್ಟೆ. .45 ಎಸಿಪಿ ಎಂಬ ಪಿಸ್ತೂಲ್ ಕಾಡತೂಸಿನ ಲಾಭವೂ ಹೀಗೆಯೇ ಅಲ್ಪ.

ಇದಕ್ಕೆ ಅಪವಾದ ರಿವಾಲ್ವರಿನ ಮ್ಯಾಗ್ನಮ್ ಕಾಡತೂಸುಗಳು. ನಿಧಾನವಾಗಿ ಉರಿಯುವ ಮದ್ದನ್ನು ಜಾಸ್ತಿ ತುಂಬಿದ .357 ಮ್ಯಾಗ್ನಮ್ಮಿಗೆ ಉದ್ದ ನಳಿಗೆ ನಿಜಕ್ಕೂ ವರ. 10 ಗ್ರಾಮಿನ ಗುಂಡು ರಿವಾಲ್ವರಿನಲ್ಲಿ 380 ಮೀಟರಿನ ಹತ್ತಿರವಿದ್ದದ್ದು ಲಿವರ್ ಕಾರ್ಬೈನಿನಲ್ಲಿ 500 ದಾಟುತ್ತದೆ. ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಹೊಲದಲ್ಲಿ ಹಂದಿಯಂಥ ಪ್ರಾಣಿಗೆ ಬಳಸುವ ಉದ್ದೇಶವಿದ್ದವರು, ಕಪ್ಪು ಪ್ಲಾಸ್ಟಿಕ್ಕಿನ ಹೊಸ ಮಾದರಿಗಳನ್ನು ಬಿಟ್ಟು ಮರದ ಬಟ್ಟಿನ ಹಳೇ ಬಗೆಯ ಲಿವರ್ ಕಾರ್ಬೈನನ್ನೇ ನೋಡುವುದು ಲೇಸು.

ಹಾಗಾದರೆ 9 ಮಿ.ಮೀ. ಕಾರ್ಬೈನ್ ಯಾಕೆ ಬೇಕು? ಗುರಿಗಾಗಿ. ಭುಜ, ಕೆನ್ನೆ, ಎರಡು ಕೈ ಹೀಗೆ ಆಧಾರಗಳು ಹೆಚ್ಚಿದಷ್ಟೂ ಅಲುಗಾಟ ಕಡಿಮೆ. ಪಿಸ್ತೂಲಿನಲ್ಲಿ 25 ಮೀಟರಿಗೆ ತಡವರಿಸುವವನೂ ಇದರಲ್ಲಿ 75 ಮೀಟರಿನ ಗುರಿಗೆ ತಾಗಿಸಬಲ್ಲ. ಮಿತಿ ಮಾತ್ರ ನೆನಪಿರಬೇಕು. 50 ಮೀಟರಿಗೆ ಹೊಂದಿಸಿದ ಕಾರ್ಬೈನಿನ ಗುಂಡು 100 ಮೀಟರಿನಲ್ಲಿ ಹೆಚ್ಚೂಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ, 150ರಲ್ಲಿ ಒಂದು ಮೊಳಕ್ಕೂ ಮಿಗಿಲು. ಶಕ್ತಿಯಲ್ಲೂ 5.56 ಮಿ.ಮೀ. ರೈಫಲ್ಲಿನ ಸುಮಾರು 1700 ಜೂಲಿನ ಮುಂದೆ ಇದರ 600 ಜೂಲು ಸಣ್ಣದು.

ಒದೆತದ ಗುಟ್ಟು

ಮೊದಲ ಸಲ ಹಾರಿಸಿದವರಿಗೆ ಒಂದು ಅಚ್ಚರಿ ಕಾದಿರುತ್ತದೆ: ದುರ್ಬಲ ಗುಂಡಿನ ಈ ಕಾರ್ಬೈನು ಎಷ್ಟೋ ಸಲ ಪ್ರಬಲವಾದ 5.56 ರೈಫಲ್ಲಿಗಿಂತ ಗಡುಸಾಗಿ ಒದೆಯುತ್ತದೆ. ಕಾರಣ ಬ್ಲೋಬ್ಯಾಕ್ ಎಂಬ ಸರಳ ಯಂತ್ರರಚನೆ. ಇದರಲ್ಲಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟಿಗೆ ಬೀಗವೇ ಇಲ್ಲ. ಚಿಲಕವಿಲ್ಲದ ಬಾಗಿಲಿಗೆ ಅಕ್ಕಿ ಮೂಟೆ ಒರಗಿಸಿಟ್ಟಂತೆ, ಬೋಲ್ಟಿನ ತೂಕ ಮತ್ತು ಸ್ಪ್ರಿಂಗು ಮಾತ್ರ ಅದನ್ನು ತಡೆದು ನಿಲ್ಲಿಸುತ್ತವೆ. ಗುಂಡು ನಳಿಗೆ ಬಿಡುವವರೆಗೆ ತಡೆಯಬೇಕೆಂದರೆ ಬೋಲ್ಟು ಅರ್ಧ ಕಿಲೋಗೂ ಹೆಚ್ಚು ಭಾರವಿರಬೇಕಾಗುತ್ತದೆ. ಆ ಲೋಹದ ಗಟ್ಟಿ ಪ್ರತಿ ಹೊಡೆತಕ್ಕೂ ಹಿಂದಕ್ಕೆ ಬಂದು ಅಪ್ಪಳಿಸುವುದೇ ಭುಜಕ್ಕೆ ತಿಳಿಯುವ ಒದೆತ. ಒಳ್ಳೆಯದೆಂದರೆ, ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ, ಕೆಡುವುದು ಅಪರೂಪ.

ಒದೆತ ತಗ್ಗಿಸುವ ದಾರಿಗಳಿವೆ. ಹೆಕ್ಲರ್ ಆಂಡ್ ಕಾಕ್ ಕಂಪನಿ 1960ರ ದಶಕದಲ್ಲಿ ತಂದ ಎಂಪಿ5ರಲ್ಲಿ ಎರಡು ಪುಟ್ಟ ರೋಲರುಗಳು ಬೋಲ್ಟು ಹಿಂದೆ ಸರಿಯುವುದನ್ನು ಕ್ಷಣಕಾಲ ತಡೆಯುತ್ತವೆ. ಹಾಗಾಗಿ ಭಾರದ ಬೋಲ್ಟು ಬೇಕಿಲ್ಲ. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ನುಗ್ಗಿದ ಬ್ರಿಟಿಷ್ ಎಸ್‌ಎಎಸ್ ಯೋಧರ ಕೈಯಲ್ಲಿ ಅದನ್ನು ಜಗತ್ತು ಟೀವಿಯಲ್ಲಿ ನೋಡಿತು. ಅನಂತರ ವಿಶೇಷ ಪಡೆಗಳೆಲ್ಲ ಅದರ ಹಿಂದೆ ಬಿದ್ದವು, ನಮ್ಮ ಎನ್‌ಎಸ್‌ಜಿಯೂ ಸೇರಿದಂತೆ. ಸಿಗ್ ಸಾವರ್‌ನ ಎಂಪಿಎಕ್ಸ್ ಅನಿಲದ ಒತ್ತಡದಿಂದ ನಡೆಯುವ, ಬೀಗ ಬೀಳುವ ಬೋಲ್ಟನ್ನು ಬಳಸುತ್ತದೆ. ಇವು ಮೃದು, ಆದರೆ ದುಬಾರಿ. ಬಿಚ್ಚಿ ಒರೆಸುವ ಕೆಲಸವೂ ಹೆಚ್ಚು. ಬರೀ ಗುರಿ ಅಭ್ಯಾಸಕ್ಕೆ ಕೊಳ್ಳುವವನು ಇಷ್ಟು ಹಣ ಸುರಿಯಬೇಕಿಲ್ಲ ಎಂಬುದು ನನ್ನ ಎಣಿಕೆ. ಬ್ಲೋಬ್ಯಾಕೇ ಇರಲಿ, ಒಟ್ಟು ತೂಕ 3 ಕಿಲೋ ಹತ್ತಿರವಿದ್ದರೆ ಒದೆತ ತಾನಾಗಿ ಹದಕ್ಕೆ ಬರುತ್ತದೆ.

ಮ್ಯಾಗಜೀನ್ ನೋಡಿ ಬಂದೂಕು ಕೊಳ್ಳಿ

ಗುಂಡು ಸಿಕ್ಕಿಹಾಕಿಕೊಳ್ಳುವ ತೊಂದರೆ ಬಹುಪಾಲು ಹುಟ್ಟುವುದು ಮ್ಯಾಗಜೀನಿನಲ್ಲಿ. ಎರಡನೇ ಮಹಾಯುದ್ಧದ ಸ್ಟೆನ್ ಇದಕ್ಕೆ ಪಾಠದಂತಿದೆ. 1941ರಲ್ಲಿ ಬ್ರಿಟನ್ ಅದನ್ನು ಅಗ್ಗವಾಗಿ, ಲಕ್ಷಗಟ್ಟಲೆ ತಯಾರಿಸಲು ಹೊರಟಾಗ ಜರ್ಮನ್ ಮ್ಯಾಗಜೀನಿನ ಮಾದರಿಯನ್ನೇ ಅನುಸರಿಸಿತು. ಒಳಗೆ ಎರಡು ಸಾಲಾಗಿ ಕೂತ ತೋಟಾಗಳು ಮೇಲೆ ಬರುವಾಗ ಒಂದೇ ಸಾಲಿಗೆ ಇಕ್ಕಟ್ಟಾಗಬೇಕು. ಸ್ವಲ್ಪ ಕೊಳೆ ಸೇರಿದರೂ ಅಲ್ಲೇ ತಡೆ. 32 ಹಿಡಿಯುವಲ್ಲಿ ಸೈನಿಕರು ಒಂದೆರಡು ಕಡಿಮೆ ತುಂಬುತ್ತಿದ್ದರು. ಜಾರ್ಜ್ ಪ್ಯಾಚೆಟ್ ರೂಪಿಸಿದ ಸ್ಟರ್ಲಿಂಗು ಈ ಕಾಯಿಲೆಗೆ ಮದ್ದು ಹುಡುಕಿತು: 34 ತೋಟಾಗಳ ಬಾಗಿದ ಮ್ಯಾಗಜೀನು, ಕೊನೆಯವರೆಗೂ ಎರಡು ಸಾಲು, ಕೆಳಗಿನಿಂದ ತಳ್ಳಲು ತಗಡಿನ ಬದಲು ಉರುಳುವ ರೋಲರುಗಳು.

ಇಂದಿನ ಗಿರಾಕಿಗೆ ಪ್ರಶ್ನೆ ಸರಳ. ಕೈಯಲ್ಲಿ ಈಗಾಗಲೇ ಇರುವ ಪಿಸ್ತೂಲಿನ ಮ್ಯಾಗಜೀನು ಇದಕ್ಕೆ ಹೊಂದುತ್ತದೆಯೇ? ಬೆರೆಟ್ಟಾ ಸಿಎಕ್ಸ್4 ತನ್ನದೇ ಕಂಪನಿಯ ಪಿಸ್ತೂಲಿನದನ್ನು ತೆಗೆದುಕೊಳ್ಳುತ್ತದೆ. ರೂಗರ್ ಪಿಸಿ ಕಾರ್ಬೈನಿನಲ್ಲಿ ಒಂದು ತುಂಡನ್ನು ಬದಲಿಸಿದರೆ ಗ್ಲಾಕ್ ಮ್ಯಾಗಜೀನೂ ಕೂರುತ್ತದೆ. ಸಿಝೆಡ್ ಸ್ಕಾರ್ಪಿಯನ್ ತನಗೆಂದೇ ಮಾಡಿದ್ದನ್ನು ಬೇಡುತ್ತದೆ. ಹೀಗೆ ಪ್ರತ್ಯೇಕವಾಗಿ ಮಾಡಿದ್ದು ಅನೇಕ ಸಲ ಚೆನ್ನಾಗಿ ನಡೆಯುತ್ತದೆ, ಆದರೆ ಕಂಪನಿ ಮುಂದೊಂದು ದಿನ ಮಾದರಿ ನಿಲ್ಲಿಸಿದರೆ ಹುಡುಕಾಟ ಶುರು.

ಮಡಚುವುದು, ಬಿಚ್ಚುವುದು, 16 ಇಂಚಿನ ಗೆರೆ

ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಪ್ರಕಾರ ನಳಿಗೆ 16 ಇಂಚಿಗಿಂತ ಗಿಡ್ಡವಿರುವ ರೈಫಲ್ಲನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. 9 ಮಿ.ಮೀ. ಗುಂಡಿಗೆ 16 ಇಂಚು ಬೇಕಾಗಿಯೇ ಇಲ್ಲ. ಆದರೂ ಅಂಗಡಿಯ ಹೆಚ್ಚಿನ ಕಾರ್ಬೈನುಗಳ ಅಳತೆ ಅದೇ. ಭೌತಶಾಸ್ತ್ರ ಕೇಳದ್ದನ್ನು ಕಾನೂನು ಕೇಳಿದೆ. ಸ್ಪರ್ಧಿಗಳು ಗಿಡ್ಡ ನಳಿಗೆಯ ತುದಿಗೆ ಉದ್ದದ ಕೊಳವೆಯನ್ನು ಶಾಶ್ವತವಾಗಿ ಕೂರಿಸಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. ಅಲ್ಲಿನ ಪ್ರಾಯೋಗಿಕ ಶೂಟಿಂಗ್ ಸಂಸ್ಥೆ ಯುಎಸ್‌ಪಿಎಸ್‌ಎ 2016ರಲ್ಲಿ ಈ ಕಾರ್ಬೈನುಗಳಿಗೆ ಪ್ರತ್ಯೇಕ ವಿಭಾಗ ತೆರೆದ ಮೇಲೆ ಇಂಥ ತಿದ್ದುಪಡಿಗಳು ಸಾಮಾನ್ಯವಾದವು.

ಪುಟ್ಟದಾಗಿಸಲು ತಯಾರಕರು ಬೇರೆ ಉಪಾಯ ಹುಡುಕಿದ್ದಾರೆ. ಕೆಲ್-ಟೆಕ್ ಸಬ್-2000 ನಡುವಿನಲ್ಲೇ ಮಡಚಿ ಶಾಲಾ ಚೀಲದಲ್ಲಿ ಕೂರುವಷ್ಟಾಗುತ್ತದೆ, ತೂಕ 2 ಕಿಲೋ ಒಳಗೆ. ಆದರೆ ಹಗುರವಾದ್ದರಿಂದ ಕೆನ್ನೆಗೆ ಪೆಟ್ಟು ತಾಗುತ್ತದೆ. ಹಳೆಯ ಆವೃತ್ತಿಗಳಲ್ಲಿ ನಳಿಗೆ ಮೇಲಕ್ಕೆ ಮಡಚುವ ಕಾರಣ ಕೆಂಪುಚುಕ್ಕೆಯ ದೃಷ್ಟಿಯಂತ್ರ ಕೂರಿಸುವುದೂ ತಲೆನೋವು. ರೂಗರ್ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚು, ಹಾರಿಸಲು ಹಿತ.

ಭಾರತದ ಮಾತು

ನಮ್ಮಲ್ಲಿ ಇದು ಕೊಳ್ಳುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ 9 ಮಿ.ಮೀ. ನಿಷೇಧಿತ ಬೋರ್. ಸಾಮಾನ್ಯ ಪರವಾನಗಿಗೆ ಅದು ಸಿಗದು. ಕೊಡವರಿಗೆ ಈ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯೂ ಅವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆಗಿಡುವಂಥ ಕೋವಿಗಳ ಮಟ್ಟಿಗೇ.

ಕನ್ನಡಿಗರು ಕಾರ್ಬೈನನ್ನು ಕಂಡಿರುವುದು ಪೊಲೀಸರ ಹೆಗಲಲ್ಲಿ. ಅದು ಕಾನ್ಪುರದ ಸರ್ಕಾರಿ ಕಾರ್ಖಾನೆ ಪರವಾನಗಿ ಪಡೆದು ತಯಾರಿಸಿದ ಸ್ಟರ್ಲಿಂಗ್, ಪಕ್ಕಕ್ಕೆ ಚಾಚಿದ ಮ್ಯಾಗಜೀನಿನಿಂದ ದೂರಕ್ಕೇ ಗುರುತು ಸಿಗುತ್ತದೆ. ಅದರ ಉತ್ತರಾಧಿಕಾರಿಯ ಆಯ್ಕೆಯಲ್ಲಿ ಸೇನೆಗೂ ಅದೇ ಕಾಡತೂಸಿನ ಪ್ರಶ್ನೆ ಎದುರಾಯಿತು. ಡಿಆರ್‌ಡಿಒ ಮೊದಲು 5.56×30 ಮಿ.ಮೀ. ಎಂಬ ನಡುವಿನ ಅಳತೆಯ ಕಾರ್ಬೈನ್ ಮಾಡಿತು. ಸೇನೆ ದೊಡ್ಡ ಪ್ರಮಾಣದ ಖರೀದಿಗೆ ಗುಂಡುನಿರೋಧಕ ಕವಚವನ್ನು ಎದುರಿಸಬಲ್ಲ ರೈಫಲ್ಲಿನ 5.56×45 ಕಾಡತೂಸನ್ನೇ ಆರಿಸಿಕೊಂಡಿತು. ಹಾಗೆಂದು 9 ಮಿ.ಮೀ. ಪೂರಾ ಹೊರಬಿದ್ದಿಲ್ಲ. ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್ ಮತ್ತು ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ ಎಆರ್‌ಡಿಇ ಸೇರಿ ರೂಪಿಸಿದ, 2021ರಲ್ಲಿ ಹೊರಗೆ ಬಂದ ‘ಅಸ್ಮಿ’ಯನ್ನು ಹೈದರಾಬಾದಿನ ಲೋಕೇಶ್ ಮಷೀನ್ಸ್ ತಯಾರಿಸುತ್ತಿದೆ, 2024ರಲ್ಲಿ ಸೇನೆಯ ಉತ್ತರ ಕಮಾಂಡ್ 550 ಅಸ್ಮಿಗಳನ್ನು ತರಿಸಿಕೊಂಡಿತು.