ಒಂದೇ ಹೆಸರು, ಹಲವು ಮೌಲ್ಯಗಳು
1995ರ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನಕವು, ಬಳಕೆದಾರರು ಮಾಹಿತಿ ತುಂಬುವ ನಮೂನೆಯಲ್ಲಿ, ಅಂದರೆ ಫಾರ್ಮ್‌ನಲ್ಲಿ, ಒಂದೇ ಹೆಸರಿನಡಿ ಹಲವು ಆಯ್ಕೆಗಳನ್ನು ಗುರುತಿಸಲು ಅವಕಾಶವಿತ್ತಿತು. ಅವು ಸರ್ವರ್‌ಗೆ ಹೋಗುವಾಗ ಪ್ರತಿ ಮೌಲ್ಯದೊಂದಿಗೂ ಆ ಹೆಸರು ಮರುಕಳಿಸುತ್ತಿತ್ತು. ಅದೇ ವರ್ಷ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಈ ಮೌಲ್ಯಗಳನ್ನು ಬ್ರೌಸರಿನೊಳಗೇ ಓದುವ ದಾರಿ ತೆರೆಯಿತಾದರೂ, ಆ ದಾರಿ ಸುಗಮವಾಗಿರಲಿಲ್ಲ. ಒಂದು ಹೆಸರಿಗೆ ಒಂದೇ ಚೆಕ್‌ಬಾಕ್ಸ್ ಇದ್ದರೆ ಆ ಘಟಕವೇ ದೊರೆಯುತ್ತಿತ್ತು, ಎರಡಿದ್ದರೆ ಘಟಕಗಳ ಸಂಗ್ರಹ ದೊರೆಯುತ್ತಿತ್ತು. ಸಮರ್ಥಿಸಲು ಕಷ್ಟವಾದ ಈ ದ್ವಂದ್ವ ಇಂದಿಗೂ ಅಳಿದಿಲ್ಲ. ಹೀಗಾಗಿ ಲೂಪ್, ಅಂದರೆ ಆವರ್ತನೆಯ ಮೂಲಕ, ಪ್ರತಿ ಘಟಕವನ್ನೂ ಪರಿಶೀಲಿಸಿ, ಗುರುತಾದವನ್ನು ಅರೇ ಎಂಬ ಸಾಲುಪಟ್ಟಿಗೆ ಸೇರಿಸುವುದು ರೂಢಿಯಾಯಿತು. ಬಹುಕಾಲದ ನಂತರ ಬಂದ ಫಾರ್ಮ್‌ಡೇಟಾ ವಸ್ತುವಿನ ಗೆಟ್‌ಆಲ್ ವಿಧಾನವು, ಒಂದು ಹೆಸರಿನ ಎಲ್ಲ ಮೌಲ್ಯಗಳನ್ನೂ ಒಮ್ಮೆಗೇ ಅರೇಯಾಗಿ ಒಪ್ಪಿಸುತ್ತದೆ.