ಆಂಬೋಲಿ ಘಾಟಿನ ಮಳೆ

1994ರ ಆಗಸ್ಟ್ ತಿಂಗಳು. ನಾವು ನಾಲ್ವರು ಶಿಕ್ಷಕಿಯರು ರಾಯಬಾಗ ತಾಲೂಕಿನ ಪಾಲಬಾವಿಯಿಂದ ಸೈಕಲ್ ಮೇಲೆ ಆಂಬೋಲಿಗೆ ಹೊರಟಿದ್ದೆವು. ಸಂಕೇಶ್ವರದಲ್ಲಿ ಒಂದು ರಾತ್ರಿ, ಆಜರಾದಲ್ಲಿ ಒಂದು ರಾತ್ರಿ ಕಳೆದಾಗಿತ್ತು. ಬಯಲುಸೀಮೆಯ ನಮಗೆ ಮಳೆಯೆಂದರೆ ಮುಗಿಲು ನೋಡುತ್ತ ಕಾಯಬೇಕಾದ ಬೀಗರು. ಆಜರಾ ದಾಟಿದ ಮೇಲೆ ಆ ಬೀಗರು ತಾವಾಗಿಯೇ ಬಂದು ಹೆಗಲೇರಿ ಕುಳಿತರು.

ಏರಿನಲ್ಲಿ ಸೈಕಲ್ ದಬ್ಬಿಕೊಂಡು ನಡೆದೆವು. ಇಳಿಜಾರು ಬಂತೆಂದು ಹಿಗ್ಗುವ ಹಾಗೂ ಇರಲಿಲ್ಲ. ಗಾಲಿಯ ರಿಮ್ಮು ತೋಯ್ದರೆ ಬ್ರೇಕಿನ ರಬ್ಬರು ಜಾರುತ್ತದೆ. ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಇಳಿಜಾರಿನಲ್ಲೂ ನಡಿಗೆಯೇ. ಸೀರೆ ಮೊಣಕಾಲಿಗೆ ಅಂಟಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಜೋಳದ ರೊಟ್ಟಿಯೂ ಮೆತ್ತಗಾಗಿತ್ತು.

ರಸ್ತೆಬದಿಯ ಚಹಾದಂಗಡಿಯಲ್ಲಿ ನಿಂತೆವು. ಅಂಗಡಿಯಾಕೆ ಗಡಹಿಂಗ್ಲಜ ಕಡೆಯವಳು, ಕನ್ನಡ ಬಲ್ಲವಳು. ಬೆಲ್ಲದ ಚಹಾ ಕೊಟ್ಟು, ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಮಕ್ಕಳನ್ನ ಯಾರ ಹಂತ್ಯಾಕ ಬಿಟ್ಟ ಬಂದೀರಿ ಯವ್ವಾ?"

ನಾನು ನಕ್ಕು ಸುಮ್ಮನಾದೆ. ಆ ಪ್ರಶ್ನೆ ಮಾತ್ರ ಊರಿನ ತನಕ ನನ್ನ ಕ್ಯಾರಿಯರ್ ಮೇಲೆ ಕೂತು ಬಂತು.

ಆಮೇಲೆ ಹೆಣ್ಣುಮಕ್ಕಳ ಸೈಕಲ್ ಸವಾರಿಯ ಕಥೆಗಳನ್ನು ಹುಡುಕಿ ಓದತೊಡಗಿದೆ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿದ್ದ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಉದ್ದ ಲಂಗದ ಹೆಂಗಸರಿಗಾಗಿ ನಡುವಿನ ಕೊಳವೆಯನ್ನು ಕೆಳಗೆ ಬಗ್ಗಿಸಿದರು, ಹಿಂದಿನ ಗಾಲಿಗೆ ಬಲೆ ಹೆಣೆದರು. ನಮ್ಮ ಲೇಡೀಸ್ ಸೈಕಲ್ಲಿನ ಬಳಗವೇ ಅದು.

ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಅದೇ ಶತಮಾನದ ಕೊನೆಯಲ್ಲಿ ಗಂಡನ ಜೊತೆ ಸೈಕಲ್ ಮೇಲೆ ನಮ್ಮ ದೇಶ ಸುತ್ತಿದಳು. 1904ರಲ್ಲಿ ಅಚ್ಚಾದ ಅವರ ಪುಸ್ತಕದ ಹೆಸರಿನಲ್ಲೇ 14,000 ಮೈಲಿಯ ಲೆಕ್ಕವಿದೆ. 1912ರಲ್ಲಿ ಸಿಯಾಚಿನ್ ಹಿಮದ ಮೇಲೆ ನಿಂತು, ಹೆಂಗಸರಿಗೆ ಮತ ಬೇಕೆನ್ನುವ ಪತ್ರಿಕೆಯನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡವಳೂ ಇವಳೇ. ಮಗಳು ರೇಚಲ್ ಬೆಳೆದದ್ದು ಬಹುಪಾಲು ದಾದಿಯರ ಕೈಯಲ್ಲಿ, ವಸತಿಶಾಲೆಯಲ್ಲಿ. ಮುಂದೆ ಆಕೆ ಭೂವಿಜ್ಞಾನಿಯಾದಳು.

ನನ್ನ ಮನಸ್ಸು ಹಿಡಿದವಳು ಐರ್ಲೆಂಡಿನ ಡರ್ವ್ಲಾ ಮರ್ಫಿ. 1931ರಲ್ಲಿ ಲಿಸ್ಮೋರ್ ಊರಲ್ಲಿ ಹುಟ್ಟಿದವಳು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲು, ಒಂದು ಭೂಪಟದ ಪುಸ್ತಕ ಬಂದವು. ಎರಡನ್ನೂ ಜೋಡಿಸಿ ನೋಡಿದ ಹುಡುಗಿ, ಭಾರತಕ್ಕೆ ಸೈಕಲ್ ಮೇಲೇ ಹೋಗುತ್ತೇನೆಂದು ನಿಶ್ಚಯಿಸಿದಳು. ಆದರೆ ತಾಯಿಗೆ ಸಂಧಿವಾತ, ಹಾಸಿಗೆಯೇ ಗತಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಮನೆಗೆ ನಿಂತಳು. ನಡುನಡುವೆ ತಾಯಿಯೇ ಒತ್ತಾಯಿಸಿ ಕೆಲವು ವಾರ ಸೈಕಲ್ ಪ್ರವಾಸಕ್ಕೆ ಕಳಿಸುತ್ತಿದ್ದಳಂತೆ. 1962ರಲ್ಲಿ ತಾಯಿ ತೀರಿಕೊಂಡಳು. 1963ರ ಜನವರಿಯ ಹಿಮದಲ್ಲಿ ಮಗಳು ಹೊರಟಳು. ಕೆಟ್ಟರೆ ರಿಪೇರಿ ಕಷ್ಟವೆಂದು ಗೇರನ್ನೇ ಕಳಚಿದ್ದಳು. ಟೈರುಗಳನ್ನು ಮೊದಲೇ ದಾರಿಯ ಊರುಗಳಿಗೆ ರವಾನಿಸಿದ್ದಳು. 4,000 ಮೀಟರಿಗೂ ಎತ್ತರದ ಬಾಬುಸರ್ ಕಣಿವೆಯನ್ನು ಸೈಕಲ್ ಎಳೆದುಕೊಂಡೇ ದಾಟಿ, ಜುಲೈನಲ್ಲಿ ದೆಹಲಿ ಮುಟ್ಟಿದಳು. ಹತ್ತು ವರ್ಷದ ಮೇಲೆ ಮತ್ತೆ ಬಂದಾಗ ಐದು ವರ್ಷದ ಮಗಳು ಕೈಯಲ್ಲಿತ್ತು. ತಾಯಿ ಮಗಳು ನಮ್ಮ ಕೊಡಗಿನಲ್ಲಿ ಇದ್ದುಹೋದರು. ಆ ಮಗುವಿನ ಹೆಸರೂ ರೇಚಲ್! ಡರ್ವ್ಲಾ 2022ರಲ್ಲಿ ತೀರಿಕೊಂಡಳು.

ಇದನ್ನೆಲ್ಲ ಓದುವಾಗ ಅಕ್ಕ ನೆನಪಾಗುತ್ತಿದ್ದಳು. ಏಳನೆಯ ಇಯತ್ತೆ ಮುಗಿಸಿದಾಗ ಹೈಸ್ಕೂಲು ಪರ ಊರಲ್ಲಿತ್ತು. ಹುಡುಗಿಗೆ ಸೈಕಲ್ ಯಾರು ಕೊಡಿಸಿಯಾರು? ಅವ್ವನಿಗೆ ಕೈಗೂಡುವ ಆಳೂ ಬೇಕಿತ್ತು. ಐದು ವರ್ಷದ ನಂತರ ನನ್ನ ಸರದಿ ಬಂದಾಗ ಅಪ್ಪನ ಜೊತೆ ಜಗಳಾಡಿ ನನಗೆ ಹಳೆಯ ಸೈಕಲ್ ಕೊಡಿಸಿದವಳು ಅವಳೇ. ಆಂಬೋಲಿಯಲ್ಲಿ ನಾನು ತೋಯಿಸಿಕೊಳ್ಳುತ್ತಿದ್ದಾಗ ನನ್ನ ಇಬ್ಬರು ಮಕ್ಕಳಿಗೆ ಉಣ್ಣಿಸುತ್ತಿದ್ದವಳೂ ಅವಳೇ. ಅಂಗಡಿಯಾಕೆ ಕೇಳಿದ್ದಕ್ಕೆ ಉತ್ತರ ಅಕ್ಕನ ಹೆಸರು. ನಾನು ಅದನ್ನು ಹೇಳದೆ ನಕ್ಕಿದ್ದೆ. ಒಬ್ಬಳು ಹೊರಡಬೇಕಾದರೆ ಇನ್ನೊಬ್ಬಳು ಒಲೆಯ ಮುಂದೆ ನಿಂತಿರುತ್ತಾಳೆ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಾಳು, ನೋಡಿ.

2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅಕ್ಕನ ಕಿರಿಯ ಮಗಳಿಗೂ ಒಂದು ಬಂತು. ಅಂಗಳದಲ್ಲಿ ಅದನ್ನು ಸೆರಗಿನಿಂದ ಒರೆಸುತ್ತಿದ್ದ ಅಕ್ಕನಿಗೆ ಕೊನೆಗೂ ಆ ಅಂಗಡಿಯ ಮಾತು ಹೇಳಿದೆ. ಅಂದು ಅವಳ ಹೆಸರು ಹೇಳದೆ ಬಂದದ್ದನ್ನೂ ಹೇಳಿದೆ. ಅವಳು ಅದನ್ನು ದೊಡ್ಡದು ಮಾಡಲಿಲ್ಲ. "ಅಲ್ಲಿ ಏನ ನೋಡಿದಿ ಅಷ್ಟ ಮಳ್ಯಾಗ?" ಎಂದಳು.

ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲೇ ಎಂದೆ. ಅದು ಆಜರಾ, ಸಂಕೇಶ್ವರ ಹಾದು ಘಟಪ್ರಭೆಯನ್ನು ಸೇರುತ್ತದೆ. ಧೂಪದಾಳದಿಂದ ಎಡದಂಡೆ ಕಾಲುವೆಯಾಗಿ ನಮ್ಮ ತಾಲೂಕಿನ ಹೊಲಗಳಿಗೆ ಬರುತ್ತದೆ.

ಅಕ್ಕ ಪೆಡಲನ್ನು ಕೈಯಿಂದ ಒಮ್ಮೆ ತಿರುಗಿಸಿದಳು. "ನೀರ ಅಲ್ಲಿಂದ ಇಲ್ಲಿತನಕ ಬರ್ತದ. ನಾವೂ ಒಮ್ಮೆ ಹೋಗಿ ನೋಡೂಣಲ್ಲ" ಎಂದಳು.

ಆ ಮಳೆಗಾಲದಲ್ಲೇ ಹೋದೆವು. ಬಸ್ಸಿನಲ್ಲಿ ಹೋದೆವು, ಆ ಮಾತು ಬೇರೆ. ಮಕ್ಕಳನ್ನು ಈ ಸಲ ಅವರವರ ಅಪ್ಪಂದಿರು ನೋಡಿಕೊಂಡರು.